ಪರದೆಯ ಹಿಂದೆ ಕೂತವರು

ತೊಗಲುಗೊಂಬೆಯಾಟವನ್ನು ‘ಜಾನಪದ ಸಿರಿ’ ಎಂದು ಹೊಗಳುವ ನಮ್ಮ ವಿಮರ್ಶೆ ಪರದೆಯ ಮುಂದೆಯೇ ಕೂತಿದೆ. ಆಡಿನ ಚರ್ಮ ಹದಮಾಡಿ, ಕೊರೆದು, ಬಣ್ಣ ಹಚ್ಚಿ, ದೀಪಕ್ಕೂ ಪರದೆಗೂ ನಡುವೆ ಆಡಿಸುವ ಕಿಳ್ಳೇಕ್ಯಾತರು ಕೂತಿರೋದು ಹಿಂದೆ. ಪರಿಶಿಷ್ಟ ಜಾತಿ ಪಟ್ಟಿಯಲ್ಲಿ ಅವರು ಶಿಳ್ಳೇಕ್ಯಾತರು. ಮನೆಮಾತು ಮರಾಠಿಗೆ ಹತ್ತಿರದ್ದು. ಆಟ ಮಾತ್ರ ಊರಿನ ಕನ್ನಡದಲ್ಲಿ.

ರಾಮ ರಾವಣರು ಗ್ರಂಥದ ಗತ್ತಿನಲ್ಲಿ ಮಾತಾಡುವಾಗ ನಡುವೆ ನುಗ್ಗುವವನು ಕಿಳ್ಳೇಕ್ಯಾತ: ಕರೀ ಮೈ, ಡೊಳ್ಳು ಹೊಟ್ಟೆ, ಬಾಯಿಗೆ ಬಂದದ್ದೇ ಮಾತು. ಜೊತೆಗೆ ಹೆಂಡತಿ ಬಂಗಾರಕ್ಕ. ಊರ ದೊಡ್ಡವರನ್ನೂ ದೇವರನ್ನೂ ಇವರು ಬಿಡೋದಿಲ್ಲ. ವಿದ್ವಾಂಸರು ಇದನ್ನು ‘ಹಾಸ್ಯ’ ಅಂತ ಬದಿಗಿಟ್ಟರು. ಆದರೆ ಜಾತಿಯ ಹೆಸರೂ ಗೊಂಬೆಯ ಹೆಸರೂ ಒಂದೇ. ತಮ್ಮ ಹೆಸರನ್ನೇ ಹೊತ್ತ ಗೊಂಬೆಯನ್ನು ಕುರೂಪಿ ಮಾಡಿದ್ದು ಶರಣಾಗತಿಯೋ, ಹತಾರವೋ? ಎರಡೂ ಹೌದು ಅಂತೀನಿ. ನಗಿಸುವ ನೆಪವಿಲ್ಲದೆ ಊರ ಮುಂದೆ ಆ ಮಾತು ಆಡುವಂತಿರಲಿಲ್ಲ.

2023ರಲ್ಲಿ ತೀರಿಕೊಂಡ ಬಳ್ಳಾರಿಯ ಬೆಳಗಲ್ಲು ವೀರಣ್ಣ ಗಾಂಧಿಯನ್ನೂ ಸ್ವಾತಂತ್ರ್ಯ ಹೋರಾಟವನ್ನೂ ಪರದೆಗೆ ತಂದರು. ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರಿಗೆ 2025ರಲ್ಲಿ ಪದ್ಮಶ್ರೀ ಬಂತು. ಸಂತೋಷವೇ. ಆದರೆ ಹೆಣ್ಣುದನಿ ಈ ಆಟವನ್ನು ಹೇಗೆ ಕಟ್ಟುತ್ತೆ, ಬಂಗಾರಕ್ಕನ ಬಾಯಲ್ಲಿ ಯಾರ ಸಿಟ್ಟಿದೆ ಅಂತ ಕೇಳಿದವರು ಕಡಿಮೆ. ಹಳೇ ಗೊಂಬೆಗಳು ವಸ್ತುಸಂಗ್ರಹಾಲಯದ ಗಾಜಿನೊಳಗೆ ಸೇರಿವೆ. ಅಲ್ಲಿನ ಚೀಟಿಯಲ್ಲಿ ರಾವಣನ ಹೆಸರಿರುತ್ತೆ, ಕೊರೆದವನದ್ದು ಅಪರೂಪ.