ಹಳೆಯ ಕಾರಿನ ಕೆಂಪು ದೀಪ

ಕೀಲಿ ತಿರುಗಿಸಿದೊಡನೆ ಡ್ಯಾಶ್‌ಬೋರ್ಡಿನಲ್ಲಿ ಪುಟ್ಟ ಕೆಂಪು ದೀಪವೊಂದು ಹೊತ್ತಿಕೊಳ್ಳುತ್ತದೆ. ಎಂಜಿನ್ ವೇಗ ಹಿಡಿದಂತೆ ಅದು ಆರಬೇಕು. ಆರದಿದ್ದರೆ? ಹಗಲಾದರೆ ಹಳೆಯ ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿ ಇನ್ನೊಂದಷ್ಟು ದೂರ ಓಡೀತು. ರಾತ್ರಿಯಾದರೆ ಕಷ್ಟ. ಹೆಡ್‌ಲೈಟು ಮೊದಲು ಹಳದಿಗೆ ತಿರುಗುತ್ತದೆ, ಆಮೇಲೆ ಮಂಕಾಗುತ್ತದೆ, ಹಾರನ್ನಿನ ಗಂಟಲು ಕಟ್ಟುತ್ತದೆ, ಕೊನೆಗೆ ಎಂಜಿನ್ನೇ ನಿಲ್ಲುತ್ತದೆ. ಮಾಲೀಕರು ಮೊದಲು ಬೈಯುವುದು ಬ್ಯಾಟರಿಯನ್ನು. ಹೊಸ ಬ್ಯಾಟರಿ ಬರುತ್ತದೆ. ನಾಲ್ಕು ದಿನಕ್ಕೆ ಅದೂ ಸೋಲುತ್ತದೆ. ತಪ್ಪು ಬ್ಯಾಟರಿಯದಲ್ಲ, ಅದಕ್ಕೆ ಉಣಿಸಬೇಕಾದ ಯಂತ್ರದ್ದು.

ಆ ಯಂತ್ರಕ್ಕೆ ಹಳೆಯ ಕಾರುಗಳಲ್ಲಿ ಡೈನಮೊ ಎಂದು ಹೆಸರು, ನಂತರದವುಗಳಲ್ಲಿ ಆಲ್ಟರ್ನೇಟರ್. ಎರಡರ ಮೂಲವೂ ಒಂದೇ. ಅಯಸ್ಕಾಂತದ ಬಳಿ ತಂತಿಯ ಸುರುಳಿ ಚಲಿಸಿದರೆ ಅದರಲ್ಲಿ ವಿದ್ಯುತ್ ಹುಟ್ಟುತ್ತದೆ ಎಂದು ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿದ ತತ್ತ್ವ. ಮೋಟಾರು ಬಂದ ಹೊಸದರಲ್ಲಿ ಕಾರಿಗೆ ಇದರ ಅಗತ್ಯ ಅಷ್ಟಾಗಿ ಇರಲಿಲ್ಲ. ದೀಪಕ್ಕೆ ಕಾರ್ಬೈಡ್ ಗ್ಯಾಸ್, ಎಂಜಿನ್ ಶುರು ಮಾಡಲು ಮುಂದೆ ನಿಂತು ತಿರುಗಿಸುವ ಹ್ಯಾಂಡಲ್. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಎಲೆಕ್ಟ್ರಿಕ್ ಸ್ಟಾರ್ಟರ್, ನಮ್ಮ ಗ್ಯಾರೇಜುಗಳ ಭಾಷೆಯಲ್ಲಿ ‘ಸೆಲ್ಫ್’, ಬಂದಿತು. ಆಮೇಲೆ ಖರ್ಚಾದ ಬ್ಯಾಟರಿಯನ್ನು ದಾರಿಯಲ್ಲೇ ತುಂಬಿಸುವ ಯಂತ್ರ ಕಾರಿನ ಅಂಗವೇ ಆಗಿಹೋಯಿತು.

ಡೈನಮೊದಲ್ಲಿ ವಿದ್ಯುತ್ ಹುಟ್ಟುವುದು ಒಳಗೆ ತಿರುಗುವ ಆರ್ಮೇಚರಿನಲ್ಲಿ. ಅದರ ಒಂದು ತುದಿಯಲ್ಲಿ ತಾಮ್ರದ ಪಟ್ಟಿಗಳನ್ನು ಜೋಡಿಸಿದ ಕಮ್ಯುಟೇಟರ್ ಇರುತ್ತದೆ. ಎರಡು ಕಾರ್ಬನ್ ಬ್ರಷ್‌ಗಳು ಅದಕ್ಕೆ ಉಜ್ಜುತ್ತ ಒಳಗಿನ ವಿದ್ಯುತ್ತನ್ನೆಲ್ಲ ಹೊರಗೆ ತರಬೇಕು. ಬಹಳ ಜೋರಾಗಿ ತಿರುಗಿಸಿದರೆ ಸುತ್ತಿದ ತಂತಿ ಸಿಡಿದು ಹೊರಬರುವ ಭಯ. ಹಾಗೆಂದು ನಿಧಾನವಾಗಿ ತಿರುಗಿಸಿದರೆ ವಿದ್ಯುತ್ ಸಾಲದು. ಟ್ರಾಫಿಕ್ಕಿನಲ್ಲಿ ನಿಂತಾಗ ಹಳೆಯ ಕಾರಿನ ಕೆಂಪು ದೀಪ ಮಿಣುಕುವುದು ಇದರಿಂದಲೇ, ಅದು ರೋಗವಲ್ಲ. ಆಲ್ಟರ್ನೇಟರ್ ಈ ವ್ಯವಸ್ಥೆಯನ್ನು ತಿರುವುಮುರುವು ಮಾಡಿತು. ಅದರಲ್ಲಿ ವಿದ್ಯುತ್ ಕೊಡುವ ಸುರುಳಿ ಸ್ಥಿರವಾಗಿರುತ್ತದೆ, ಅಯಸ್ಕಾಂತವಾಗುವ ಸುರುಳಿ ತಿರುಗುತ್ತದೆ. ಬ್ರಷ್‌ಗಳ ಮೇಲಿನ ಹೊರೆ ಇಳಿಯಿತು, ಹೆಚ್ಚು ವೇಗ ಸಾಧ್ಯವಾಯಿತು, ನಿಂತ ಕಾರಿನಲ್ಲೂ ಚಾರ್ಜಿಂಗ್ ನಡೆಯಿತು. ಆದರೆ ಅದು ಕೊಡುವುದು ಎ.ಸಿ. ವಿದ್ಯುತ್, ಬ್ಯಾಟರಿಗೆ ಬೇಕಾದದ್ದು ಡಿ.ಸಿ. ಈ ತೊಡಕನ್ನು ಬಿಡಿಸಿದ್ದು ಸಿಲಿಕಾನ್ ಡಯೋಡ್, ಅಂದರೆ ಒಂದೇ ದಿಕ್ಕಿಗೆ ತೆರೆಯುವ ಬಾಗಿಲು. ಅಮೆರಿಕದ ಕ್ರೈಸ್ಲರ್ ಕಂಪನಿ 1960ರ ವೇಲಿಯಂಟ್ ಕಾರಿಗೆ ಆಲ್ಟರ್ನೇಟರನ್ನೇ ಅಳವಡಿಸಿತು.

ನಮ್ಮ ರಸ್ತೆಗಳಿಗೆ ಈ ಬದಲಾವಣೆ ತಡವಾಗಿ ತಲುಪಿತು. 1961ರಲ್ಲಿ ಮದ್ರಾಸಿನಲ್ಲಿ ಲೂಕಾಸ್-ಟಿವಿಎಸ್ ಕಂಪನಿ ಸ್ಥಾಪನೆಯಾಗಿ ವಾಹನಗಳ ವಿದ್ಯುತ್ ಸಾಮಾನು ಇಲ್ಲಿಯೇ ತಯಾರಾಗತೊಡಗಿತು. ಇಂಗ್ಲೆಂಡಿನ ಲೂಕಾಸ್ ಕಂಪನಿಯ ಸಂಸ್ಥಾಪಕರನ್ನು ಅಲ್ಲಿನ ಕಾರುಪ್ರಿಯರು ‘ಕತ್ತಲೆಯ ರಾಜಕುಮಾರ’ ಎಂದು ಗೇಲಿ ಮಾಡುವುದುಂಟು. ದೀಪ ಕೈಕೊಟ್ಟವರ ಸಿಟ್ಟು ಅದು, ಪೂರ್ತಿ ನ್ಯಾಯವಲ್ಲ. ಆಮದಿನ ಮೇಲೆ ಬಿಗಿ ನಿರ್ಬಂಧವಿದ್ದ ಆ ದಶಕಗಳಲ್ಲಿ ಹೊಸ ಭಾಗಕ್ಕೆ ಕಾಯುವುದಕ್ಕಿಂತ ಹಳೆಯದನ್ನು ಬಿಚ್ಚಿ ಮತ್ತೆ ಸುತ್ತುವುದೇ ಸುಲಭವಾಗಿತ್ತು. ‘ಡೈನಮೊ, ಸೆಲ್ಫ್, ಆರ್ಮೇಚರ್ ವೈಂಡಿಂಗ್’ ಎಂಬ ಬೋರ್ಡಿನ ಹತ್ತಡಿ ಅಗಲದ ಅಂಗಡಿಗಳು ಲಾರಿ ನಿಲ್ಲುವ ಊರೂರಲ್ಲೂ ಬೆಳೆದದ್ದು ಹಾಗೆ.

ಇಂಥ ಅಂಗಡಿಯಲ್ಲಿ ನಡೆಯುವ ಕೆಲಸ ನೋಡುವಂಥದು. ಡೈನಮೊ ಬಂದೊಡನೆ ಅದನ್ನು ಬಿಚ್ಚುವುದಿಲ್ಲ. ಎರಡು ಟರ್ಮಿನಲ್‌ಗಳನ್ನು ತಂತಿಯಿಂದ ಕೂಡಿಸಿ ಬ್ಯಾಟರಿ ಮುಟ್ಟಿಸುತ್ತಾರೆ. ಆರೋಗ್ಯವಾಗಿರುವ ಡೈನಮೊ ತಾನೇ ಮೋಟಾರಾಗಿ ಸಮನಾಗಿ ತಿರುಗುತ್ತದೆ. ಮುಗ್ಗರಿಸಿದರೆ, ಬಿಸಿಯಾದರೆ, ಕಿಡಿ ಹಾರಿದರೆ ಒಳಗೆ ತೊಂದರೆ ಇದೆ ಎಂದರ್ಥ. ಬಿಚ್ಚಿದ ಆರ್ಮೇಚರನ್ನು ಗ್ರೌಲರ್ ಎಂಬ ವಿದ್ಯುದಯಸ್ಕಾಂತದ ಮೇಲಿಟ್ಟು, ಮೇಲೊಂದು ಹ್ಯಾಕ್ಸಾ ಬ್ಲೇಡು ಹಿಡಿದು, ಆರ್ಮೇಚರನ್ನು ಮೆಲ್ಲನೆ ಉರುಳಿಸುತ್ತಾರೆ. ಎಲ್ಲಿ ಸುರುಳಿ ಶಾರ್ಟ್ ಆಗಿದೆಯೋ ಅಲ್ಲಿ ಬ್ಲೇಡು ದುಂಬಿಯಂತೆ ಗುಂಯ್‌ಗುಟ್ಟುತ್ತದೆ. ಸವೆದ ಕಮ್ಯುಟೇಟರನ್ನು ಲೇತಿಗೆ ಕೊಟ್ಟು ನುಣುಪು ಮಾಡಿಸಿ, ತಾಮ್ರದ ಪಟ್ಟಿಗಳ ನಡುವಿನ ಮೈಕಾವನ್ನು ಬ್ಲೇಡಿನಿಂದಲೇ ಕೊರೆದು ತಗ್ಗಿಸಬೇಕು. ಮೈಕಾ ಉಬ್ಬಿ ನಿಂತರೆ ಬ್ರಷ್ ಕುಣಿಯುತ್ತದೆ, ಕಿಡಿ ಸುರಿಯುತ್ತದೆ. ಅವಸರದ ಅಂಗಡಿಯವರು ಬಿಟ್ಟುಬಿಡುವ ಕೆಲಸ ಇದು.

ತಂತಿಯೇ ಸುಟ್ಟಿದ್ದರೆ ಪೂರಾ ವೈಂಡಿಂಗ್. ಹಳೆಯ ತಂತಿಯನ್ನು ಕಿತ್ತೊಗೆಯುವ ಮೊದಲು ಸುತ್ತುಗಳೆಷ್ಟು, ತಂತಿಯ ಗೇಜು ಎಷ್ಟು, ಯಾವ ಸೀಳಿನಿಂದ ಹೊರಟ ತುದಿ ಯಾವ ಪಟ್ಟಿಗೆ ಬಂದು ಸೇರುತ್ತದೆ ಎಂದು ಬರೆದಿಟ್ಟುಕೊಳ್ಳಬೇಕು. ಈ ಲೆಕ್ಕವೇ ಅಂಗಡಿಯ ನಿಜವಾದ ಆಸ್ತಿ. ಗೇಜು ಒಂದು ಹೆಜ್ಜೆ ತಪ್ಪಿದರೂ ಡೈನಮೊ ತಿರುಗುತ್ತದೆ, ದೀಪವೂ ಆರುತ್ತದೆ. ರಾತ್ರಿ ಪ್ರಯಾಣದಲ್ಲಿ ಪೂರ್ತಿ ಹೊರೆ ಬಿದ್ದಾಗ ಬಣ್ಣ ಬಯಲಾಗುತ್ತದೆ. ಸೀಳುಗಳಿಗೆ ನಿರೋಧಕ ಕಾಗದ ಕೂರಿಸಿ, ತಂತಿ ಸುತ್ತಿ, ತುದಿಗಳನ್ನು ಬೆಸೆದು, ವಾರ್ನಿಶ್ ಕುಡಿಸಿ ಒಣಗಿಸುತ್ತಾರೆ. ವಾರ್ನಿಶ್ ಹಸಿಯಾಗಿದ್ದಾಗಲೇ ಕೊಂಡೊಯ್ಯುವ ಗಿರಾಕಿಯ ಅವಸರ ಅವನಿಗೇ ದುಬಾರಿ. ಹಿಂತುದಿಯ ಕಂಚಿನ ಬುಷ್ ಬದಲಿಸುವುದಾದರೆ ಅದನ್ನು ಒಂದು ದಿನ ಎಣ್ಣೆಯಲ್ಲಿ ನೆನೆಸಿಯೇ ಹಾಕಬೇಕು.

ಆಲ್ಟರ್ನೇಟರಿನ ರಿಪೇರಿಯಲ್ಲಿ ಇಷ್ಟು ಕುಸುರಿ ಇಲ್ಲ. ಬ್ರಷ್, ಬೇರಿಂಗ್, ರೆಗ್ಯುಲೇಟರ್, ಡಯೋಡ್ ಇವೇ ಸಾಮಾನ್ಯವಾಗಿ ಕೈಕೊಡುವುವು. ಡಯೋಡಿಗೆ ಟೆಸ್ಟ್ ಲ್ಯಾಂಪ್ ಹಿಡಿದಾಗ ಒಂದು ದಿಕ್ಕಿನಲ್ಲಿ ಉರಿದು, ತಿರುಗಿಸಿ ಹಿಡಿದಾಗ ಆರಬೇಕು. ಎರಡೂ ಕಡೆ ಉರಿದರೆ ಅದು ಸತ್ತಿದೆ. ಇನ್ನೊಂದು ಸಂಗತಿ ಹಲವರಿಗೆ ಹೊಳೆಯುವುದಿಲ್ಲ. ಅನೇಕ ಹಳೆಯ ಆಲ್ಟರ್ನೇಟರ್‌ಗಳಿಗೆ ಮೊದಲ ಚಾಲನೆಯ ವಿದ್ಯುತ್ ಬರುವುದೇ ಆ ಕೆಂಪು ದೀಪದ ಮೂಲಕ. ಬಲ್ಬು ಸುಟ್ಟಿದ್ದರೆ ಚಾರ್ಜಿಂಗ್ ಶುರುವಾಗದೆ ಇರಬಹುದು. ಕೆಲವೇ ರೂಪಾಯಿಯ ಬಲ್ಬಿಗೆ ಇಡೀ ಆಲ್ಟರ್ನೇಟರನ್ನು ಬಿಚ್ಚಿಸಿದ ಉದಾಹರಣೆಗಳು ಗ್ಯಾರೇಜುಗಳಲ್ಲಿ ಬೇಕಾದಷ್ಟು ಸಿಗುತ್ತವೆ.

ಆದ್ದರಿಂದ ಅಂಗಡಿ ಹುಡುಕುವ ಮುನ್ನ ಮನೆಯಲ್ಲೇ ಸ್ವಲ್ಪ ನೋಡಿಕೊಳ್ಳುವುದು ಲೇಸು. ಫ್ಯಾನ್ ಬೆಲ್ಟನ್ನು ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಅಂಗುಲ ಬಾಗಬೇಕು. ಅದಕ್ಕಿಂತ ಸಡಿಲವಾದರೆ ಜಾರುತ್ತದೆ. ಬ್ಯಾಟರಿಯ ತುದಿಗಳ ಮೇಲಿನ ಹಸಿರು ಪುಡಿಯನ್ನು ಬಿಸಿನೀರಿನಿಂದ ತೊಳೆಯಬೇಕು. ಸುಮ್ಮನಿರುವ ತುಂಬಿದ ಬ್ಯಾಟರಿ ಮೀಟರಿನಲ್ಲಿ 12.6 ವೋಲ್ಟ್ ಆಸುಪಾಸು ತೋರಿಸುತ್ತದೆ, ಎಂಜಿನ್ ವೇಗದಲ್ಲಿರುವಾಗ ಅದು 14ರ ಹತ್ತಿರ ಏರಬೇಕು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ವಯರು ಕಳಚಿ ನೋಡುವ ಹಳೆಯ ಚಾಳಿಯನ್ನು ಮಾತ್ರ ಬಿಡಬೇಕು. ಡೈನಮೊ ತಡೆದುಕೊಂಡೀತು, ಆಲ್ಟರ್ನೇಟರಿನ ಡಯೋಡುಗಳು ಕ್ಷಣದಲ್ಲಿ ಹೋದಾವು.

ಬೆಂಗಳೂರಿನವರಿಗೆ ಜೆ.ಸಿ. ರಸ್ತೆ, ಕಲಾಸಿಪಾಳ್ಯ, ಶಿವಾಜಿನಗರದ ಗುಜರಿ ಸಾಲು ಗೊತ್ತಿರುವ ದಿಕ್ಕುಗಳೇ. ಆದರೆ ಅಲ್ಲೂ ಭಾಗ ಮಾರುವ ಅಂಗಡಿ ಬೇರೆ, ಸುತ್ತುವ ಕೈ ಬೇರೆ. ಬಿಡಿಭಾಗದ ಅಂಗಡಿಯವರನ್ನು ‘ನೀವು ವೈಂಡಿಂಗ್ ಯಾರಿಗೆ ಕೊಡುತ್ತೀರಿ?’ ಎಂದು ಕೇಳುವುದು ಒಳ್ಳೆಯ ಉಪಾಯ. ಜಿಲ್ಲಾ ಕೇಂದ್ರಗಳಲ್ಲಿ, ತಾಲ್ಲೂಕುಗಳಲ್ಲಿ ಈ ಕಸುಬನ್ನು ಇಂದಿಗೂ ಉಳಿಸಿರುವುದು ಕಾರಲ್ಲ, ರೈತರ ಪಂಪ್‌ಸೆಟ್ಟು. ವೋಲ್ಟೇಜಿನ ಏರಿಳಿತಕ್ಕೆ ಮೋಟಾರು ಸುಟ್ಟಾಗಲೆಲ್ಲ ವೈಂಡಿಂಗ್ ಅಂಗಡಿಗೆ ಕೆಲಸ. ಆದರೆ ಪಂಪಿನ ಮೋಟಾರಿಗೆ ಕಮ್ಯುಟೇಟರ್ ಇಲ್ಲ. ಅದನ್ನು ಚೆನ್ನಾಗಿ ಸುತ್ತಬಲ್ಲವರೆಲ್ಲ ಡೈನಮೊ ಸುತ್ತಬಲ್ಲರೆಂದು ತಿಳಿಯಬಾರದು. ‘ಮಿಕ್ಸಿ, ಡ್ರಿಲ್ಲಿಂಗ್ ಮಷೀನಿನ ಆರ್ಮೇಚರ್ ಸುತ್ತುತ್ತೀರಾ?’ ಎಂದು ಕೇಳಿದರೆ ಉತ್ತರದಲ್ಲೇ ಅಂದಾಜು ಸಿಗುತ್ತದೆ. ಗ್ರೌಲರ್ ಇದೆಯೇ, ಕೆಲಸವಾದ ಮೇಲೆ ತಿರುಗಿಸಿ ಹೊರೆ ಕೊಟ್ಟು ತೋರಿಸುತ್ತಾರೆಯೇ ಎಂಬುದನ್ನೂ ನೋಡಬೇಕು.

ಇಂಥವರು ವಿರಳವಾಗುತ್ತಿದ್ದಾರೆ. 1983ರಲ್ಲಿ ಮಾರುತಿ 800 ಬಂದ ನಂತರ ಆಲ್ಟರ್ನೇಟರ್ ಮಾಮೂಲಾಯಿತು. ಈಗಿನ ಕಾರುಗಳಲ್ಲಿ ಅದು ಕೆಟ್ಟರೆ ಇಡಿಯಾಗಿ ತೆಗೆದು ಹೊಸದನ್ನು ಕೂರಿಸುವುದೇ ವಾಡಿಕೆ. ಅಂಬಾಸಿಡರ್ ತಯಾರಿಕೆಯೂ 2014ರಲ್ಲಿ ನಿಂತಿತು. ಸುತ್ತು ಲೆಕ್ಕ ಬರೆದಿಟ್ಟ ಎಣ್ಣೆ ಮೆತ್ತಿದ ನೋಟ್‌ಬುಕ್ಕು ಮುಂದಿನ ತಲೆಮಾರಿಗೆ ಬೇಡವಾದರೆ, ಧರ್ಮಸ್ಥಳದ ಸಂಗ್ರಹಾಲಯದಲ್ಲಿ ಕಾರು ಹೊಳೆಯುತ್ತ ನಿಂತಿರುವುದನ್ನು ನೋಡಬಹುದು, ಮನೆಯ ಕಾರನ್ನು ರಸ್ತೆಗಿಳಿಸುವುದು ಕಷ್ಟವಾದೀತು.

ಈ ತಾಪತ್ರಯವೇ ಬೇಡವೆಂದು ಡೈನಮೊ ಕಿತ್ತು ಮಾರುತಿಯ ಆಲ್ಟರ್ನೇಟರ್ ಹಾಕಿಸುವವರು ಬಹಳ ಮಂದಿ. ದಿನವೂ ಓಡಿಸುವ ಕಾರಿಗೆ ಅದು ತಪ್ಪೇನಲ್ಲ. ಆದರೆ ಹಳೆಯ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿರುತ್ತದೆ. ಅದನ್ನು ಗಮನಿಸದೆ ಜೋಡಿಸಿದರೆ ಡಯೋಡು ಅಲ್ಲೇ ಭಸ್ಮ. 50 ವರ್ಷ ದಾಟಿದ ವಾಹನಗಳಿಗೆ ‘ವಿಂಟೇಜ್’ ನೋಂದಣಿ ನೀಡುವ ಕೇಂದ್ರದ ನಿಯಮ 2021ರಲ್ಲಿ ಬಂದ ಮೇಲೆ ಮೂಲರೂಪಕ್ಕೆ ಬೆಲೆಯೂ ಹೆಚ್ಚಿದೆ. ಬದಲಿಸಿದರೂ ಹಳೆಯ ಡೈನಮೊವನ್ನು ತಾಮ್ರದ ತೂಕಕ್ಕೆ ಗುಜರಿಗೆ ಹಾಕದೆ ಗೋಣಿಯಲ್ಲಿ ಸುತ್ತಿ ಅಟ್ಟದ ಮೇಲಿಡುವುದು ಒಳ್ಳೆಯದು. ಹೋದದ್ದು ಮತ್ತೆ ಸಿಗುವುದಿಲ್ಲ.

ರಿಪೇರಿಯಾದ ಡೈನಮೊವನ್ನು ಕಾರಿಗೆ ಕೂರಿಸುವಾಗ ಒಂದು ಸಣ್ಣ ಶಾಸ್ತ್ರ ಉಂಟು. ಅದರೊಳಗಿನ ಕಬ್ಬಿಣದಲ್ಲಿ ಉಳಿದ ಚೂರು ಕಾಂತತ್ವದಿಂದಲೇ ವಿದ್ಯುತ್ತಿನ ಮೊದಲ ಎಳೆ ಹುಟ್ಟಬೇಕು. ಬಿಚ್ಚಿದಾಗ ಅದು ಅಳಿದಿರಬಹುದು, ಅಡಿಮೇಲಾಗಿಯೂ ಇರಬಹುದು. ಅದಕ್ಕೆಂದೇ ಎಂಜಿನ್ ಶುರು ಮಾಡುವ ಮೊದಲು, ವಯರುಗಳನ್ನು ಬಿಚ್ಚಿಟ್ಟು, ಬಾಡಿಗೆ ಸೇರದ ಬ್ಯಾಟರಿ ತುದಿಯಿಂದ ಒಂದು ವಯರು ತಂದು ಡೈನಮೊದ ‘ಎಫ್’ ಟರ್ಮಿನಲ್ಲಿಗೆ ಎರಡು ಮೂರು ಬಾರಿ ತಟಕ್ಕನೆ ಮುಟ್ಟಿಸುತ್ತಾರೆ. ಸಣ್ಣ ಕಿಡಿ ಹಾರುತ್ತದೆ. ಆಮೇಲೆ ವಯರು ಜೋಡಿಸಿ, ಹಿಂಬದಿಯ ಪುಟ್ಟ ರಂಧ್ರಕ್ಕೆ ಎರಡು ಹನಿ ಎಂಜಿನ್ ಆಯಿಲ್ ಬಿಟ್ಟು, ಕೀಲಿ ತಿರುಗಿಸಿ ಕೆಂಪು ದೀಪ ಆರುವುದನ್ನು ಕಾಯುತ್ತಾರೆ.