ಶರಣಬಸಪ್ಪ ಎಂಬ ಹೆಸರು

ಹೋದ ತಿಂಗಳಲ್ಲಿ ನಮ್ಮ ಮನೆಯಲ್ಲಿ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಮಂಗಲಕಾರ್ಯವು ನೆರವೇರಿತು. ಕೂಸಿನ ತಂದೆತಾಯಿಗಳು ಬೆಂಗಳೂರಿನಲ್ಲಿರುವವರು. ಬರುವಾಗ ಅವರು ಹತ್ತಾರು ಹೆಸರುಗಳ ಒಂದು ಪಟ್ಟಿಯನ್ನು ತಂದಿದ್ದರು. ಎಲ್ಲವೂ ಎರಡು ಮೂರು ಅಕ್ಷರದವು, ಕಿವಿಗೆ ಇಂಪಾದವು. ಆದರೆ ಕೆಲವಕ್ಕೆ ಯಾವ ನಿಘಂಟಿನಲ್ಲಿಯೂ ನಮಗೆ ಅರ್ಥವು ದೊರೆಯಲಿಲ್ಲ. ಎಂಬತ್ತೆರಡು ವರುಷದ ನಮ್ಮ ತಾಯಿಯವರು ಆ ಪಟ್ಟಿಯನ್ನು ಓದಿಸಿ ಕೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರ ಹೆಸರ ಇಡ್ರೆಪ್ಪ” ಎಂದಷ್ಟೇ ನುಡಿದರು. ಅವರೆಂದರೆ ಲಿಂಗೈಕ್ಯರಾದ ನಮ್ಮ ತಂದೆಯವರು. ಗಂಡನ ಹೆಸರನ್ನು ಬಾಯಿಂದ ಆಡಬಾರದೆಂಬ ನಡೆಯಲ್ಲಿ ಬೆಳೆದ ಆ ಹಿರಿಯ ಜೀವವು ಅರುವತ್ತು ವರುಷಕ್ಕೂ ಮಿಕ್ಕು ಅದನ್ನು ಉಚ್ಚರಿಸಿಲ್ಲ. ಆ ಹೆಸರು ಶರಣಬಸಪ್ಪ.

ಮಗನೂ ಸೊಸೆಯೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಹೆಸರು ಉದ್ದವಾಯಿತು, ಹಳೆಯದಾಯಿತು, ಬೆಂಗಳೂರಿನ ಶಾಲೆಯಲ್ಲಿ ಹುಡುಗನೊಬ್ಬನೇ ಈ ಹೆಸರಿನವನಾಗುವನು ಎಂಬುದು ಅವರ ಅಳುಕು. ಅದು ಸುಳ್ಳೂ ಅಲ್ಲ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳಲ್ಲಿ ನಾವು ಮಾಸ್ತರಿಕೆ ಮಾಡಿದ ಕಾಲದಲ್ಲಿ ಒಂದೊಂದು ತರಗತಿಯಲ್ಲಿ ಇಬ್ಬರು ಮೂವರು ಶರಣಬಸಪ್ಪರು ಇರುತ್ತಿದ್ದರು. ಅವರನ್ನು ತಂದೆಯ ಹೆಸರಿನಿಂದಲೋ ಮನೆತನದ ಹೆಸರಿನಿಂದಲೋ ಬೇರ್ಪಡಿಸಿ ಹಾಜರಿ ಕೂಗುತ್ತಿದ್ದೆವು. ಅದೇ ಹೆಸರು ತುಂಗಭದ್ರೆಯನ್ನು ದಾಟಿ ತೆಂಕಣಕ್ಕೆ ಹೋದಂತೆ ವಿರಳವಾಗುವುದು. ಅಲ್ಲಿ ಬಸವರಾಜರೂ ಬಸವಣ್ಣಂದಿರೂ ಉಂಟು, ಶರಣಬಸಪ್ಪನೆಂದರೆ “ತಾವು ಕಲಬುರಗಿಯ ಕಡೆಯವರೋ?” ಎಂದು ಕೇಳುವರು. ಒಂದು ಹೆಸರು ಹೀಗೆ ಒಂದು ನೆಲಕ್ಕೆ ಅಂಟಿಕೊಂಡುದೇಕೆ ಎಂಬುದನ್ನು ವಾಚಕರಿಗೆ ಸಾದರಪಡಿಸುವುದೇ ಈ ಲೇಖನದ ಉದ್ದೇಶ.

ಹಳೆಯ ಜೇವರ್ಗಿ ತಾಲೂಕಿಗೆ ಸೇರಿದ ಅರಳಗುಂಡಗಿಯಲ್ಲಿ ೧೭೪೬ನೆಯ ಇಸವಿಯಲ್ಲಿ ಒಬ್ಬ ಮಹಾನುಭಾವರು ಜನಿಸಿದರು. ಅವರು ಒಕ್ಕಲುತನದವರು. ಹೊಲದ ತೆನೆಗೆ ಮುತ್ತಿದ ಹಕ್ಕಿಗಳನ್ನು ಅವರು ಕವಣೆಯಿಂದ ಓಡಿಸದೆ, ಅವುಗಳಿಗೆ ಕುಡಿಯುವ ನೀರನ್ನಿಟ್ಟರೆಂದೂ, ಆದರೂ ರಾಶಿಯು ಕಡಿಮೆಯಾಗಲಿಲ್ಲವೆಂದೂ ನಮ್ಮ ಕಡೆಯ ಹೆಣ್ಣುಮಕ್ಕಳು ಇಂದಿಗೂ ಮಕ್ಕಳಿಗೆ ಕಥೆ ಹೇಳುವರು. ತರುವಾಯ ಅವರು ಕಲಬುರಗಿಗೆ ಬಂದು, ಬಂದವರ ಜಾತಿಯನ್ನು ಕೇಳದೆ ಅನ್ನವನ್ನಿಕ್ಕುವ ದಾಸೋಹವನ್ನು ನಡೆಯಿಸಿ, ೧೮೨೨ರಲ್ಲಿ ಅಲ್ಲಿಯೇ ಲಿಂಗೈಕ್ಯರಾದರು. ಇವರೇ ಶರಣಬಸವೇಶ್ವರರು. ಹೋಳಿಯ ತರುವಾಯ ಐದನೆಯ ದಿವಸ ಅವರ ತೇರು ಎಳೆಯುವುದು. ಅಂದು ಸುತ್ತಣ ಹಳ್ಳಿಗಳೆಲ್ಲವೂ ಕಲಬುರಗಿಯಲ್ಲಿಯೇ ಇರುವುವು. ಹರಕೆಯಿಂದ ಹುಟ್ಟಿದ ಮಗನಿಗೂ ಅವರ ಹೆಸರು, ಹಿರಿಯರ ನೆನಪಿಗಾಗಿಯೂ ಅದೇ ಹೆಸರು. ಗಂಡುಮಕ್ಕಳಲ್ಲಿ ಶರಣಪ್ಪ, ಶರಣಗೌಡ, ಜಂಗಮರ ಮನೆಗಳಲ್ಲಿ ಶರಣಬಸಯ್ಯ, ಹೆಣ್ಣುಮಕ್ಕಳಲ್ಲಿ ಶರಣಮ್ಮ, ಹೀಗೆ ಒಂದೇ ಬೇರಿನಿಂದ ಹಲವು ಕವಲುಗಳು ಒಡೆದಿವೆ.

ಇನ್ನು ಅರ್ಥದ ವಿಚಾರ. ವ್ಯಾಕರಣವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಹೆಸರನ್ನು ನಾವು ಕಾಣೆವು. ತತ್ಸಮ, ತದ್ಭವ, ದೇಶ್ಯವೆಂದು ಪದಗಳನ್ನು ವಿಂಗಡಿಸುವ ಕ್ರಮವುಂಟಷ್ಟೆ. ಆ ಮೂರೂ ಈ ಒಂದು ಹೆಸರಿನಲ್ಲಿ ಸಾಲಾಗಿ ನಿಂತಿವೆ. ‘ಶರಣ’ವು ಸಂಸ್ಕೃತದಿಂದ ಹಾಗೆಯೇ ಬಂದುದು. ಅಮರಕೋಶವು ಅದಕ್ಕೆ ಮನೆ ಎಂದೂ ರಕ್ಷಿಸುವವನೆಂದೂ ಅರ್ಥ ಹೇಳುವುದು. ಆದರೆ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದವರ ಬಾಯಲ್ಲಿ ಅರ್ಥವು ತಿರುಗಿತು: ಆಶ್ರಯಕ್ಕೆ ಹೆಸರಾಗಿದ್ದ ಶಬ್ದವು ಆಶ್ರಯವನ್ನು ಹೊಕ್ಕವನಿಗೆ ಹೆಸರಾಯಿತು. ‘ಬಸವ’ವು ವೃಷಭ ಶಬ್ದದ ತದ್ಭವ, ಮಳೆಗರೆಯುವುದೆಂಬ ಅರ್ಥದ ವೃಷ್ ಧಾತುವು ಅದರ ಮೂಲ. ಮಳೆಯನ್ನೇ ನಂಬಿ ತೊಗರಿ ಬಿತ್ತುವ ನಮ್ಮ ನೆಲಕ್ಕೆ ಈ ಧಾತುವು ಬಹಳ ಒಪ್ಪುವುದು. ಕೊನೆಯ ‘ಅಪ್ಪ’ನು ಅಚ್ಚಗನ್ನಡದವನು. ಶರಣಬಸವೇಶ್ವರರ ಬಾಳಿನಲ್ಲಿ ಶರಣ ಶಬ್ದದ ಎರಡರ್ಥಗಳೂ ಮತ್ತೆ ಕೂಡಿದುವೆಂದು ನಮ್ಮ ಅಭಿಪ್ರಾಯ: ದೇವರನ್ನು ಮರೆಹೊಕ್ಕವರ ಮನೆಯೇ ಹಸಿದವರಿಗೆ ಮರೆಯಾಯಿತು.

ಮೊಮ್ಮಗನಿಗೆ ಅಜ್ಜನ ಹೆಸರನ್ನಿಡುವ ಪದ್ಧತಿಯು ಆ ಸಂಸ್ಥಾನದಲ್ಲಿಯೂ ಕಾಣುವುದು. ಏಳನೆಯ ಪೀಠಾಧಿಪತಿಗಳು ದೊಡ್ಡಪ್ಪ ಅಪ್ಪನವರು. ಅವರ ಮಕ್ಕಳಾದ ಎಂಟನೆಯವರು ಶರಣಬಸಪ್ಪ ಅಪ್ಪನವರು, ೨೦೨೫ನೆಯ ಆಗಸ್ಟ್ ೧೪ರಂದು ಲಿಂಗೈಕ್ಯರಾದವರು. ಅವರ ತರುವಾಯದ ಒಂಬತ್ತನೆಯವರ ಹೆಸರು ತಿರುಗಿ ದೊಡ್ಡಪ್ಪ ಅಪ್ಪ.

ನೆರೆಯ ತಾಲೂಕುಗಳಲ್ಲಿಯೂ ಇದೇ ನಡೆ. ಅಫಜಲಪುರ ತಾಲೂಕಿನ ದೇವಲ ಗಾಣಗಾಪುರದಲ್ಲಿ, ಭೀಮಾ ಅಮರಜಾ ನದಿಗಳು ಕೂಡುವ ಎಡೆಯಲ್ಲಿ, ನರಸಿಂಹ ಸರಸ್ವತಿಗಳು ನೆಲಸಿದುದರಿಂದ ಅಲ್ಲಿ ದತ್ತಾತ್ರೇಯ, ದತ್ತಪ್ಪ ಎಂಬ ಹೆಸರುಗಳು ಬಹಳ. ದತ್ತನೆಂದರೆ ಕೊಡಲ್ಪಟ್ಟವನು, ಆತ್ರೇಯನೆಂದರೆ ಅತ್ರಿಯ ಮಗನು. ಆಳಂದದಲ್ಲಿ ಲಾಡ್ಲೆ ಮಶಾಯಿಖರ ದರ್ಗೆಯಿರುವುದರಿಂದ ಅಲ್ಲಿಯ ಮುಸಲ್ಮಾನ ಮನೆಗಳಲ್ಲಿ ಲಾಡ್ಲೆಸಾಬ, ಮಶಾಕ ಎಂಬ ಹುಡುಗರು ಇರುವರು. ಲಾಡ್ಲೆ ಎಂದರೆ ಮುದ್ದಿನವನು; ಮುದ್ದಿಸುವುದೆಂಬರ್ಥದ ಸಂಸ್ಕೃತದ ಲಡ್ ಧಾತುವಿನ ಬಳಗವದು. ಮಶಾಯಿಖವು ಶೇಖ್ ಎಂಬ ಅರಬ್ಬಿ ಮಾತಿನ ಬಹುವಚನ. ಹೆಸರನ್ನು ಕೇಳಿದರೆ ಹುಡುಗನ ಮನೆಯವರು ಯಾವ ಹೊಸ್ತಿಲಿಗೆ ಹಣೆ ಮುಟ್ಟಿಸಿದವರೆಂಬುದು ತಿಳಿಯುವುದು.

ಈಗ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಬಹಳ ವರುಷಗಳ ಹಿಂದೆ ಒಂದು ಹಳ್ಳಿಯ ಶಾಲೆಯಲ್ಲಿ, ಆಗಲೇ ಇಬ್ಬರು ಶರಣಬಸಪ್ಪರಿದ್ದ ಒಂದನೆಯ ತರಗತಿಗೆ ಮೂರನೆಯವನು ಬಂದನು. ಗೊಂದಲ ಬೇಡವೆಂದು ನಾವು ದಾಖಲೆ ಪುಸ್ತಕದಲ್ಲಿ ಅವನ ಹೆಸರನ್ನು ‘ಶರಣು’ ಎಂದು ಬರೆದೆವು. ಓದುಬರಹ ಬಾರದ ತಂದೆಯು ಹೆಬ್ಬೆಟ್ಟು ಒತ್ತಿ ಹೋದನು. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿಯೂ ಅದೇ ಹೆಸರು ನಿಂತಿತು. ಮನೆಯ ಪಡಿತರ ಚೀಟಿಯಲ್ಲಿ, ಹೊಲದ ಪಹಣಿಯಲ್ಲಿ ಮಾತ್ರ ಶರಣಬಸಪ್ಪ. ನಮ್ಮ ಪ್ರಾಂತದವರಿಗಾಗಿ ಸಂವಿಧಾನದಲ್ಲಿ ಸೇರಿಸಿದ ೩೭೧ಜೆ ಕಲಮಿನ ಪ್ರಮಾಣಪತ್ರವನ್ನು ಪಡೆಯಹೋದಾಗ ಇವರಿಬ್ಬರೂ ಒಬ್ಬನೇ ಎಂಬುದನ್ನು ಆತನು ಸಿದ್ಧಮಾಡಬೇಕಾಯಿತು. ಅಫಿಡವಿಟ್ಟು ಮಾಡಿಸಿ ಓಡಾಡುವಷ್ಟರಲ್ಲಿ ನೌಕರಿಯ ಗಡುವು ಮೀರಿತು. ಆತನು ನಮ್ಮ ಮನೆಗೆ ಬಂದು, ನಮಸ್ಕರಿಸಿ, ಒಂದು ಬಿರುನುಡಿಯನ್ನೂ ಆಡದೆ ಹೋದನು. ನಮ್ಮ ಲೇಖನಿಯ ಸೋಮಾರಿತನಕ್ಕೆ ಆತನ ಒಂದು ವರುಷವು ತೆತ್ತುಹೋಯಿತು.

ನಮ್ಮ ತಂದೆಯವರ ಶಾಲೆಯ ಕಾಗದವು ಉರ್ದುವಿನಲ್ಲಿದೆ; ೧೯೪೮ರ ಸೆಪ್ಟೆಂಬರದವರೆಗೆ ಈ ಪ್ರಾಂತವು ನಿಜಾಮರ ರಾಜ್ಯದಲ್ಲಿದ್ದಿತು. ಆ ಲಿಪಿಯಲ್ಲಿ ಣಕಾರವಿಲ್ಲ, ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದೂ ಇಲ್ಲ. ಅಷ್ಟು ಸವೆದರೂ ಹೆಸರು ಅಳಿಯಲಿಲ್ಲ. ಪರಲಿಪಿಯು ಕೆಡಿಸದುದನ್ನು ಕನ್ನಡದ ಮಾಸ್ತರರಾದ ನಾವು ಕೆಡಿಸಿದೆವಲ್ಲ ಎಂಬ ಕೊರಗು ನಮ್ಮನ್ನು ಬಿಟ್ಟಿಲ್ಲ.

ಆದುದರಿಂದ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟೆ. ಹೊಸ ಹೆಸರಾಗಲಿ ಹಳೆಯದಾಗಲಿ, ಅರ್ಥವನ್ನು ತಿಳಿದು ಇಡಿರಿ. ಇಟ್ಟುದನ್ನು ಎಲ್ಲೆಡೆಯೂ ಒಂದೇ ರೀತಿಯಾಗಿ ಬರೆಯಿಸಿರಿ. ಜನನವನ್ನು ೨೧ ದಿವಸಗಳೊಳಗೆ ನೋಂದಾಯಿಸಬೇಕು. ಹೆಸರು ನಿಶ್ಚಯವಾಗದಿದ್ದರೆ ಅದನ್ನು ಬಿಟ್ಟು ನೋಂದಾಯಿಸಿ, ತರುವಾಯ ಸೇರಿಸಲು ೧೯೬೯ರ ಕಾಯಿದೆಯಲ್ಲಿ ಅವಕಾಶವುಂಟು. ೨೦೨೩ನೆಯ ಅಕ್ಟೋಬರ ೧ರಿಂದೀಚೆಗೆ ಹುಟ್ಟಿದವರಿಗೆ ಶಾಲೆಯ ಪ್ರವೇಶ ಮೊದಲಾದುವಕ್ಕೆ ಹುಟ್ಟಿದ ದಿನವನ್ನೂ ಸ್ಥಳವನ್ನೂ ತೋರಿಸುವುದು ಆ ಜನನಪತ್ರವೇ. ಅವಸರದಿಂದ ಏನನ್ನೋ ಬರೆಯಿಸುವುದಕ್ಕಿಂತ ನಾಲ್ಕು ದಿನ ತಡೆದು ಸರಿಯಾಗಿ ಬರೆಯಿಸುವುದು ಲೇಸು.

ಇವೆಲ್ಲವನ್ನು ನಾವು ಅಂದು ರಾತ್ರಿ ಮಕ್ಕಳ ಮುಂದೆ ಹೇಳಿದೆವು. ಇದೇ ಹೆಸರಾಗಲೆಂದು ಒತ್ತಾಯಿಸಲಿಲ್ಲ. ಮರುದಿನ ಬೆಳಗ್ಗೆ ಸೊಸೆಯೇ ಬಂದು, ‘ಶರಣಬಸವ’ ಎಂದು ಕಾಗದದಲ್ಲಿ ಬರೆಯಿಸೋಣ, ‘ಅಪ್ಪ’ನನ್ನು ಹುಡುಗನ ನಡತೆಯನ್ನು ನೋಡಿ ಊರವರೇ ಸೇರಿಸಲಿ ಎಂದಳು. ನಮಗೆ ಅದು ಸರಿಯೆನಿಸಿತು.

ತೊಟ್ಟಿಲ ದಿವಸ ಹೆಂಗಳೆಯರು ಕೂಸಿನ ಕಿವಿಯಲ್ಲಿ ಹೆಸರನ್ನು ಉಸುರಿದರು. ನಮ್ಮ ತಾಯಿಯವರ ಸರದಿ ಬಂದಾಗ ಎಲ್ಲರೂ ಅವರ ಮೋರೆಯನ್ನೇ ನೋಡಿದೆವು. ಅವರು ಬಾಗಿ, ಕೂಸಿನ ಕೆನ್ನೆಯನ್ನು ಸವರಿ, “ಮುತ್ಯಾ” ಎಂದು ಕರೆದರು.