ಅಡಿಕೆ ಮಂಡಿಯಿಂದ ಶಂಕರಘಟ್ಟದವರೆಗೆ

ಶಿವಮೊಗ್ಗದ ಎಪಿಎಂಸಿ ಯಾರ್ಡಿನಲ್ಲಿ ವ್ಯಾಪಾರಿ ಚೀಲದ ಬಾಯಿ ಬಿಚ್ಚುತ್ತಾನೆ, ಒಂದು ಅಡಿಕೆಯನ್ನು ಕತ್ತರಿಸಿ ಒಳಬಣ್ಣ ನೋಡುತ್ತಾನೆ. ಸರಕು, ಬೆಟ್ಟೆ, ರಾಶಿ, ಗೊರಬಲು: ಮಲೆನಾಡಿನ ಎಷ್ಟೋ ಮನೆಗಳ ಮದುವೆ, ಮಕ್ಕಳ ಓದು, ಸಾಲದ ಕಂತು ಈ ಹೆಸರುಗಳನ್ನೇ ನಂಬಿವೆ. ತಂಬಾಕು ಬೆರೆಸದಿದ್ದರೂ ಅಡಿಕೆ ಕ್ಯಾನ್ಸರ್‌ಕಾರಕವೇ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಹೇಳಿತು. ಬೆಳೆದವರಿಗೆ ನೋಯುವ ಮಾತು, ಆದರೆ ಮುಚ್ಚಿಡುವಂಥದ್ದಲ್ಲ.

ಭದ್ರಾವತಿ ದಾಟಿ ಬಿ.ಆರ್. ಪ್ರಾಜೆಕ್ಟ್ ರಸ್ತೆ ಹಿಡಿದರೆ ಕಾಡಂಚಿನ ಶಂಕರಘಟ್ಟ, 1987ರಲ್ಲಿ ಶುರುವಾದ ಕುವೆಂಪು ವಿಶ್ವವಿದ್ಯಾಲಯದ ಜ್ಞಾನಸಹ್ಯಾದ್ರಿ. ಬೆಳಕು ಬಿದ್ದಾಗ ಡಿಎನ್‌ಎ ಕತ್ತರಿಸುವ ಲೋಹದ ಸಂಯುಕ್ತಗಳ ಬಗ್ಗೆ ಇಲ್ಲಿನ ಕೈಗಾರಿಕಾ ರಸಾಯನಶಾಸ್ತ್ರ ವಿಭಾಗದಿಂದ ಪ್ರಬಂಧಗಳು ಬಂದಿವೆ. ಇಂಥ ಪರೀಕ್ಷೆಯ ಫಲ ಕಾಣುವುದು ಜೆಲ್ಲಿನ ತೆಳು ಹಾಳೆಯ ಮೇಲೆ. ಸುರುಳಿ ಬಿಗಿಯಾಗಿರುವ ಡಿಎನ್‌ಎ ಮುಂದಕ್ಕೆ ಓಡಿರುತ್ತದೆ, ಎಳೆ ಕತ್ತರಿಸಿ ಸಡಿಲಾದದ್ದು ಹಿಂದೆ ಉಳಿದಿರುತ್ತದೆ. ಕತ್ತಲಲ್ಲಿಟ್ಟ ಮಾದರಿಗೂ ಬೆಳಕು ಕಂಡ ಮಾದರಿಗೂ ನಡುವಿನ ಆ ಅಂತರವೇ ಉತ್ತರ.

ಕ್ಯಾನ್ಸರ್‌ಗೆ ಕೊಡುವ ಬೆಳಕಿನ ಚಿಕಿತ್ಸೆಯ ತಿರುಳೂ ಇದರ ಹತ್ತಿರದ್ದೇ. ಔಷಧಿ ಬೆಳಕನ್ನು ಹೀರಿ ಆಮ್ಲಜನಕವನ್ನು ಕೆರಳಿಸುತ್ತದೆ. ಕೆರಳಿದ ಆಮ್ಲಜನಕ ಕೂದಲೆಳೆಯ ದಪ್ಪದಷ್ಟೂ ದೂರ ಹೋಗದು, ಹಾಗಾಗಿ ಬೆಳಕು ಬಿದ್ದ ಕಡೆಯಷ್ಟೇ ಜೀವಕೋಶ ಸಾಯುತ್ತದೆ. 1993ರಲ್ಲಿ ಕೆನಡಾ ಒಪ್ಪಿದ ಫೋಟೊಫ್ರಿನ್ ಎಂಬ ಔಷಧಿ ಹೀಗೇ ಕೆಲಸ ಮಾಡುತ್ತದೆ. ತೊಂದರೆಯೆಂದರೆ, ಅದು ಚರ್ಮದಲ್ಲೂ ಉಳಿಯುವುದರಿಂದ ರೋಗಿ ಕನಿಷ್ಠ ತಿಂಗಳು ಬಿಸಿಲಿಗೆ ಬರುವಂತಿಲ್ಲ. ಅಂಗಳದಲ್ಲಿ ಅಡಿಕೆ ಹರವುವ ಮನೆಯವರಿಗೆ ಇದು ಹೇಳಿದಷ್ಟು ಸುಲಭವೇ? ಔಷಧಿಯನ್ನು ಪಾಲಿಮರ್‌ಗೆ ಕಟ್ಟಿ ಗಡ್ಡೆಯಲ್ಲೇ ಹೆಚ್ಚು ಸೇರುವಂತೆ ಮಾಡಲು ಜಗತ್ತಿನಾದ್ಯಂತ ನಡೆದಿರುವ ಪ್ರಯತ್ನದ ಹಿಂದೆ ಈ ಕಷ್ಟವೂ ಇದೆ.

ಕೆಂಪು ಬೆಳಕು ಅಂಗಾಂಶದೊಳಗೆ ಇಳಿಯುವುದು ಹೆಚ್ಚೆಂದರೆ ಒಂದು ಸೆಂಟಿಮೀಟರ್. ಬಾಯಿಯ ಕ್ಯಾನ್ಸರ್‌ಗೆ ಅಷ್ಟು ಸಾಕಾಗಬಹುದು, ದೀಪವನ್ನು ನೇರವಾಗಿ ಹಿಡಿಯಲೂ ಬರುತ್ತದೆ. ಆದರೆ ವರ್ಷಗಟ್ಟಲೆ ಅಡಿಕೆ ಜಗಿದವರಲ್ಲಿ ಕೆನ್ನೆಯ ಒಳಪದರ ನಾರುಗಟ್ಟಿ, ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಅಲ್ಲಿ ರಕ್ತನಾಳ ಕಡಿಮೆಯಾದರೆ ಆಮ್ಲಜನಕವೂ ಕಡಿಮೆ. ಬೆಳಕನ್ನು ಶಾಖವಾಗಿ ಬದಲಿಸುವ ಪಾಲಿಪಿರೋಲ್, ಪಾಲಿಅನಿಲಿನ್‌ನಂಥ ಪಾಲಿಮರ್‌ಗಳಿಗೆ ಆಮ್ಲಜನಕದ ಹಂಗಿಲ್ಲ. ಪ್ರಯೋಗಾಲಯದ ಇಲಿಗಳಲ್ಲಿ ಗಡ್ಡೆ ಸುಟ್ಟದ್ದೂ ಉಂಟು. ನಾರುಗಟ್ಟಿದ ಕೆನ್ನೆಗೆ ಆಮ್ಲಜನಕದ ದಾರಿ, ಶಾಖದ ದಾರಿ, ಇವೆರಡರಲ್ಲಿ ಯಾವುದು ಒಗ್ಗೀತು? ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ವೈದ್ಯರೂ ಶಂಕರಘಟ್ಟದ ರಸಾಯನಶಾಸ್ತ್ರಜ್ಞರೂ ಕೂಡಿ ಮೊದಲು ಕೈಗೆತ್ತಿಕೊಳ್ಳಬೇಕಾದ ಪ್ರಶ್ನೆ ಇದೇ ಎಂದು ನನಗನಿಸುತ್ತದೆ.